ಹನಿ ಯಾರದು, ಹಳ್ಳ ಯಾರದು?

'ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.' ಈ ಗಾದೆಯನ್ನು ನಾವು ಉಳಿತಾಯಕ್ಕೇ ಮೀಸಲು ಮಾಡಿಬಿಟ್ಟಿದ್ದೇವೆ. ಅದಕ್ಕೆ ಕಾರಣವೂ ಉಂಟು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಕಟ್ಟಿಸಿಕೊಂಡಿತು. ಗಾದೆ ನಿಜವೆಂದು ಕರಾವಳಿಯ ಸಣ್ಣ ವ್ಯಾಪಾರಿಗಳು ಕಣ್ಣಾರೆ ಕಂಡರು.

ಆದರೆ ಹಳ್ಳ ಯಾರ ಪಾಲಿಗೆ ತುಂಬುತ್ತದೆಂದು ಗಾದೆ ಹೇಳುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಯೂ ದಿನದ ಲೆಕ್ಕದಲ್ಲೇ ಬೀಳುವ ಹನಿ.

ಒಂದು ಲಕ್ಷ ರೂಪಾಯಿ ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊಳ್ಳಿ. ಬಡ್ಡಿ 3,500 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 630. 'ಮಿನಿಮಮ್ ಡ್ಯೂ' ಶೇ 5 ಎಂದರೆ ನೀವು ಕಟ್ಟುವುದು 5,000. ಅಸಲಿಗೆ ಇಳಿಯುವುದು 870 ರೂಪಾಯಿ. 'ಮಿನಿಮಮ್ ಕಟ್ಟಿದ್ದೀನಲ್ಲ' ಎಂಬ ಸಮಾಧಾನದ ಬೆಲೆ ಇಷ್ಟು. ಇದರ ಮೇಲೆ ಇನ್ನೊಂದಿದೆ: ಪೂರ್ತಿ ಕಟ್ಟದ ತಿಂಗಳು ಬಡ್ಡಿಯಿಲ್ಲದ ಅವಧಿಯೂ ಹೋಗುತ್ತದೆ. ಆಮೇಲೆ ಅದೇ ಕಾರ್ಡಿನಲ್ಲಿ ತಂದ ಅಕ್ಕಿ, ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ.

ಇನ್ನು ಗಾದೆಯ ಎರಡನೆಯ ಅರ್ಧ. ಹನಿ ತಾನಾಗಿ ಬೀಳುತ್ತದೆ. ಯಾರೂ ಏನೂ ಮಾಡಬೇಕಿಲ್ಲ. ತೆನೆಯನ್ನು ಬಗ್ಗಿ ಆಯಬೇಕು. ಸಾಲ ತೀರಿಸುವುದು ತೆನೆಯ ಕೆಲಸ. ಮಕ್ಕಳಿರುವ ಮನೆಯಲ್ಲಿ ಆ ತೆನೆ ಸುಮ್ಮನೆ ಸಿಗುವುದಿಲ್ಲ. ಜೂನ್‌ನಲ್ಲಿ ಶಾಲೆಯ ಫೀಸು, ಸಮವಸ್ತ್ರ, ವ್ಯಾನಿನ ಮುಂಗಡ. ಅದು ಮುಗಿಯಿತೆನ್ನುವಷ್ಟರಲ್ಲಿ ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗೌರಿ-ಗಣೇಶ. ನಡುವೆ ಮಗುವಿಗೆ ಜ್ವರ. ಇವೆಲ್ಲ ದುಂದುವೆಚ್ಚವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಬುದ್ಧಿ ಹೇಳುವ ಹಿರಿಯರು ಈಗಿನ ಎಲ್‌ಕೆಜಿ ಫೀಸಿನ ರಸೀದಿಯನ್ನೊಮ್ಮೆ ನೋಡಬೇಕು.

ಗಾದೆಯ ಎರಡು ಅಳತೆಗಳು ಸಮನಲ್ಲ ಎಂಬುದನ್ನೂ ಗಮನಿಸಿ. ಬಳ್ಳ ಕಾಳು ಅಳೆಯುವ ಸಣ್ಣ ಮಾಪು. ಹಳ್ಳ ಹರಿಯುವ ನೀರು. ವರ್ಷಕ್ಕೆ ಶೇ 42ರಂತೆ ಬೀಳುವ ಹನಿಯನ್ನು ಹಾಗೇ ಬಿಟ್ಟು, ಹಾಲು-ತರಕಾರಿಯಲ್ಲಿ ನೂರಿನ್ನೂರು ಉಳಿಸಿ ಗೆಲ್ಲುತ್ತೇನೆನ್ನುವುದು ನಡೆಯದ ಮಾತು. ಮೊದಲು ಬಡ್ಡಿಯ ದರ ಇಳಿಯಬೇಕು. ಮಗಳ ಹೆಸರಿನ ಆರ್‌ಡಿ ಶೇ 7ರ ಆಸುಪಾಸು ತರುತ್ತಿರುವಾಗ ಕಾರ್ಡಿಗೆ ಅದರ ಆರು ಪಟ್ಟು ತೆರುತ್ತಿದ್ದರೆ, ಆ ಆರ್‌ಡಿಯಿಂದ ಮಗಳಿಗೆ ಏನೂ ಉಳಿಯುತ್ತಿಲ್ಲ. ಅದನ್ನು ಮುರಿಯಿರಿ. ಒಡವೆ ಅಡ ಇಡುವುದೆಂದರೆ ನಮ್ಮ ಮನೆಗಳಲ್ಲಿ ಮಾನ ಹೋದಂತೆ. ಆದರೂ ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಕಾರ್ಡಿನ ಬಡ್ಡಿಗಿಂತ ಎಷ್ಟೋ ಕಡಿಮೆ. ಪೆಟ್ಟಿಗೆಯಲ್ಲಿ ಮಲಗಿದ ಸರಕ್ಕಿಂತ ಮನೆಯವರ ನಿದ್ದೆ ದೊಡ್ಡದು ಎಂದೇ ನನ್ನ ತೀರ್ಮಾನ. ಇಲ್ಲೊಂದು ಷರತ್ತು: ಚಿನ್ನ ಇಟ್ಟು ಕಾರ್ಡ್ ತೀರಿಸಿ, ಮತ್ತೆ ಅದೇ ಕಾರ್ಡ್ ಉಜ್ಜಿದರೆ ಸಾಲ ಎರಡಾಗುತ್ತದೆ. ಕಾರ್ಡುಗಳು ಎರಡು-ಮೂರಿದ್ದರೆ ಎಲ್ಲಕ್ಕೂ ಮಿನಿಮಮ್ ಕಟ್ಟಿ, ಮಿಗುವುದನ್ನೆಲ್ಲ ಬಡ್ಡಿ ಹೆಚ್ಚಿರುವ ಒಂದಕ್ಕೇ ಸುರಿಯಬೇಕು.

ಇದೆಲ್ಲ ಗಂಡ-ಹೆಂಡತಿ ಇಬ್ಬರೂ ಸ್ಟೇಟ್‌ಮೆಂಟ್ ನೋಡುವ ಮನೆಯಲ್ಲಿ ಮಾತ್ರ ಸಾಧ್ಯ. ಬಿಲ್ಲು ಒಬ್ಬರ ಮೊಬೈಲಿನಲ್ಲೇ ಉಳಿದರೆ, ಇನ್ನೊಬ್ಬರು ಪಾಪ, ಹಬ್ಬದ ಸೀರೆಗೆ ಅದೇ ಕಾರ್ಡು ಕೇಳುತ್ತಾರೆ.

ಕಾನೂನು ಈ ಹನಿಯನ್ನು ತಡೆಯುವುದೆಂದು ಕಾಯುವುದೂ ಬೇಡ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಮಾಡಿತು. ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮ ಒಂದು ಬಾಗಿಲನ್ನಂತೂ ತೆರೆದಿಟ್ಟಿದೆ: ಬಾಕಿ ಪೂರ್ತಿ ತೀರಿಸಿ ಕಾರ್ಡ್ ಮುಚ್ಚಲು ಕೇಳಿದರೆ ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡವನ್ನು ನಿಮಗೇ ಕೊಡಬೇಕು.