ಮೂರನೆಯವನ ಒಪ್ಪಿಗೆ

ಹಣ ಕೊಟ್ಟು ಕೊಳ್ಳುವ ಪದಾರ್ಥಗಳಲ್ಲಿ ಎರಡು ಬಗೆ ಉಂಟು. ಅಂಗಡಿಯವನು ಅಳೆದು ತೂಗಿ ಕೊಡುವಂಥವು ಒಂದು ಬಗೆ. ಅಳತೆಗೂ ತೂಕಕ್ಕೂ ಸಿಕ್ಕದಂಥವು ಇನ್ನೊಂದು. ವೈದ್ಯನು ಚಿಕಿತ್ಸೆಗೆ ಹಣ ತೆಗೆದುಕೊಳ್ಳುತ್ತಾನೆ, ಆರೋಗ್ಯವನ್ನು ಮಾರುವುದಿಲ್ಲ. ವಕೀಲನು ವಾದಕ್ಕೆ ಹಣ ತೆಗೆದುಕೊಳ್ಳುತ್ತಾನೆ, ತೀರ್ಪನ್ನು ಮಾರುವುದಿಲ್ಲ. ಮಾರಿದರೆ ಅದಕ್ಕೆ ಬೇರೆ ಹೆಸರಿದೆ. ಈ ಎರಡನೆಯ ಬಗೆಯ ವ್ಯವಹಾರದಲ್ಲಿ ಕೊಟ್ಟದ್ದೆಷ್ಟು ಎಂಬುದು ಎಲ್ಲರಿಗೂ ತಿಳಿದಿರುತ್ತದೆ; ಕೊಂಡದ್ದೇನು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಇದಕ್ಕೆ ನಾನು ಬಲ್ಲ ಅತ್ಯಂತ ಕುತೂಹಲಕರವಾದ ಉದಾಹರಣೆ ಅಮೆರಿಕದ ಟೆಕ್ಸಸ್ ಕರಾವಳಿಯಲ್ಲಿ ನಡೆಯುವ ಒಂದು ವಿನೋದ: ಬಲ್ಲವನೊಬ್ಬನನ್ನು ಗೊತ್ತುಮಾಡಿಕೊಂಡು, ಸಮುದ್ರದೊಳಕ್ಕೆ ಚಾಚಿದ ಕಲ್ಲುಗೋಡೆಯ ಬಳಿ ಗಾಳ ಹಾಕಲು ಹೋಗುವುದು.

ಹೂಸ್ಟನ್ ನಗರದಿಂದ ಸುಮಾರು 50 ಮೈಲಿ ದೂರದಲ್ಲಿ ಗ್ಯಾಲ್ವೆಸ್ಟನ್ ಎಂಬ ದ್ವೀಪನಗರವಿದೆ. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಹೂಸ್ಟನ್ನಿನಲ್ಲಿ ಸಂಸಾರ ಹೂಡಿದ್ದಾರಾದ್ದರಿಂದ ಈ ಹೆಸರು ನಮ್ಮ ಓದುಗರಿಗೆ ಹೊಸದಿರಲಾರದು. ಅಲ್ಲಿ ರಜೆಯ ದಿನಕ್ಕೆಂದು ನಾಲ್ಕಾರು ಸ್ನೇಹಿತರು ಕೂಡಿ, ಕೆಲವು ನೂರು ಡಾಲರುಗಳನ್ನು ಒಟ್ಟುಮಾಡಿ, ಮುಂಗಡ ಕೊಟ್ಟು ಒಂದು ದೋಣಿಯನ್ನೂ ಅದರ ಕ್ಯಾಪ್ಟನ್ನನನ್ನೂ ಕಾದಿರಿಸುತ್ತಾರೆ. ದೋಣಿ ಅವನದು, ಗಾಳದ ಕೋಲು ಅವನದು, ಎರೆಗೆ ಬೇಕಾದ ಜೀವಂತ ಸೀಗಡಿಯೂ ಏಡಿಯೂ ಅವನವು. ಬಂದವರು ತರಬೇಕಾದದ್ದು ಮೀನು ಹಿಡಿಯುವ ಸರಕಾರಿ ಪರವಾನಗಿ, ಬಿಸಿಲಿಗೊಂದು ಟೋಪಿ, ತಕ್ಕಮಟ್ಟಿನ ತಾಳ್ಮೆ, ಇಷ್ಟೆ.

ಜೆಟ್ಟಿ ಎಂದರೆ ನಾವು ಹಡಗು ಕಟ್ಟುವ ದಕ್ಕೆಯನ್ನು ನೆನೆಯುತ್ತೇವೆ. ಇದು ಅದಲ್ಲ. ಮಲ್ಪೆಯಲ್ಲಿ ಅಲೆ ತಡೆಯಲು ಹಾಕಿರುವ ಬಂಡೆಗಳ ಸಾಲನ್ನು ಕಂಡವರು ಅದನ್ನೇ ಹತ್ತಾರು ಪಾಲು ಉದ್ದವಾಗಿ ಕಲ್ಪಿಸಿಕೊಂಡರೆ ಸರಿ. ಗ್ಯಾಲ್ವೆಸ್ಟನ್ ಕೊಲ್ಲಿಯ ಬಾಯಲ್ಲಿ ಹಿಂದೆ ಮರಳದಿಣ್ಣೆ ಬೆಳೆದು, ದೊಡ್ಡ ಹಡಗುಗಳು ಹೊರಗೇ ನಿಂತು ಸರಕನ್ನು ಚಿಕ್ಕ ದೋಣಿಗಳಿಗೆ ಇಳಿಸಬೇಕಾಗುತ್ತಿತ್ತು. ನದಿಯ ಬಾಯನ್ನು ಎರಡು ಗೋಡೆಗಳ ನಡುವೆ ಇಕ್ಕಟ್ಟುಮಾಡಿದರೆ ನೀರಿನ ಸೆಳೆತವೇ ತಳದ ಹೂಳನ್ನು ಕೊಚ್ಚಿಕೊಂಡು ಹೋಗುತ್ತದೆ ಎಂಬುದನ್ನು ಜೇಮ್ಸ್ ಈಡ್ಸ್ ಎಂಬ ಎಂಜಿನಿಯರು ಮಿಸಿಸಿಪಿ ನದಿಯ ಮುಖದಲ್ಲಿ 1879ರ ಹೊತ್ತಿಗೆ ತೋರಿಸಿಕೊಟ್ಟಿದ್ದನು. ಅದೇ ಯುಕ್ತಿಯಿಂದ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಲ್ಲಿ ಎರಡು ಗೋಡೆಗಳು ಎದ್ದವು. ದಕ್ಷಿಣದ್ದು 6 ಮೈಲಿಗೂ ಮಿಕ್ಕ ಉದ್ದ. ಉತ್ತರದ್ದು 5 ಮೈಲಿಗೆ ತುಸು ಕಡಮೆ. ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಹಡಗು. ಕರೆಯದೆ ಬಂದದ್ದು ಮೀನು. ಬಂಡೆಗೆ ಚಿಪ್ಪುಜೀವಿಗಳು ಕಚ್ಚಿಕೊಂಡವು, ಸಂದಿಗಳಲ್ಲಿ ಏಡಿ ಸೇರಿತು, ಅವನ್ನು ತಿನ್ನಲು ಮನುಷ್ಯನ ಹಲ್ಲಿನಂತಹ ಹಲ್ಲುಳ್ಳ ಷೀಪ್ಸ್‌ಹೆಡ್ ಮೀನು ಬಂದಿತು, ಅದರ ಜೊತೆಗೆ ರೆಡ್ ಡ್ರಮ್ ಎಂಬ ಕೆಂಪು ಹೊಳಪಿನ ದೊಡ್ಡ ಮೀನೂ ಬಂದಿತು.

ಇಂಥ ಜಾಗದಲ್ಲಿ ಹೊಸಬನಿಗೆ ಬಲ್ಲವನ ನೆರವು ಬೇಕೇ ಬೇಕು. ದೊಡ್ಡ ಹಡಗು ಹಾದುಹೋದಾಗ ಅದರ ಹಿಂದಿನಿಂದ ಬರುವ ಅಲೆ ಚಿಕ್ಕ ದೋಣಿಯನ್ನು ಬಂಡೆಗೆ ಅಪ್ಪಳಿಸಬಹುದು. ಸೆಳೆತ ಯಾವ ಕಡೆಗಿದೆ, ಲಂಗರು ಎಲ್ಲಿ ಹಾಕಬೇಕು, ಯಾವ ಸಂದಿಯ ಮುಂದೆ ಎರೆ ಬಿಟ್ಟರೆ ಗಾಳ ಕಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ, ಇವು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಆದ್ದರಿಂದಲೇ ಅಲ್ಲಿ ಹಣ ಪಡೆದು ಜನರನ್ನು ಕರೆದೊಯ್ಯುವವನಿಗೆ ಸರಕಾರದ ಅನುಮತಿ ಬೇಕು. ಸಾಮಾನ್ಯ ದೋಣಿಯವನು ಒಂದು ಸಲಕ್ಕೆ 6 ಜನಕ್ಕಿಂತ ಹೆಚ್ಚು ಗಿರಾಕಿಗಳನ್ನು ಹತ್ತಿಸಿಕೊಳ್ಳುವಂತಿಲ್ಲ. ಗಾಳಿ ಜೋರಾಗಿದೆ, ಈ ದಿನ ಬೇಡ ಎಂದು ಅವನು ಹೇಳಿದರೆ ಹಣ ತೆತ್ತವರು ತಲೆಬಾಗಬೇಕು. ಕೊಂಡವನ ಮಾತಿಗಿಂತ ಕೊಡುವವನ ಮಾತು ಹೆಚ್ಚಾಗುವ ಅಪರೂಪದ ವ್ಯಾಪಾರಗಳಲ್ಲಿ ಇದೊಂದು.

ಈಗ ವಿಚಿತ್ರವನ್ನು ನೋಡಿ. ಯಾವ ಮೀನಿಗಾಗಿ ಇಷ್ಟು ಸಂಭ್ರಮವೋ ಆ ಮೀನನ್ನು ಮಾರುವಂತಿಲ್ಲ. ಟೆಕ್ಸಸ್ ರಾಜ್ಯವು ತನ್ನ ನೀರಿನಲ್ಲಿ ಹಿಡಿದ ರೆಡ್ ಡ್ರಮ್ಮಿನ ಮಾರಾಟವನ್ನು 1981ರಲ್ಲಿ ನಿಷೇಧಿಸಿತು. ಅದೇ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಪಾಕಪ್ರವೀಣ ಪಾಲ್ ಪ್ರುಡೋಮ್ ಈ ಮೀನಿಗೆ ಮಸಾಲೆ ಸವರಿ, ಕಾದ ಕಬ್ಬಿಣದ ಬಾಣಲೆಯಲ್ಲಿ ಕಪ್ಪಗಾಗುವಂತೆ ಸುಟ್ಟು ಬಡಿಸಿದನು. ಅದು ದೇಶಕ್ಕೆಲ್ಲ ಹುಚ್ಚು ಹಿಡಿಸಿತು. ಮೊಟ್ಟೆಯಿಡಲು ಕಡಲಲ್ಲಿ ಗುಂಪುಗೂಡಿದ ಮೀನುಗಳನ್ನು ದೊಡ್ಡ ಬಲೆಗಳು ಬಾಚಿದವು. ಕಡೆಗೆ ಕೇಂದ್ರ ಸರಕಾರವೇ ತನ್ನ ಅಧಿಕಾರದ ಕೊಲ್ಲಿನೀರಿನಲ್ಲಿ ಅದನ್ನು ಹಿಡಿಯುವುದನ್ನು ನಿಲ್ಲಿಸಬೇಕಾಯಿತು. ಆ ನೀರಿನ ಈ ಮೀನನ್ನು ಮಾರಬಾರದೆಂಬ ನೀತಿಗೆ 2007ರಲ್ಲಿ ಅಧ್ಯಕ್ಷರ ಆಜ್ಞೆಯ ಬಲವೂ ಬಂದಿತು. ಹೀಗೆ ಟೆಕ್ಸಸ್ಸಿನ ಕಡಲ ಮೀನಿಗೆ ಪೇಟೆಯಲ್ಲಿ ಬೆಲೆಯಿಲ್ಲ, ಅದರ ಎದುರಿಗೆ ಗಾಳ ಹಿಡಿದು ನಿಲ್ಲುವ ಒಂದು ಬೆಳಗಿಗೆ ಬೆಲೆಯಿದೆ.

ಹಾಗಾದರೆ ಹಣ ಕೊಟ್ಟವನು ಕೊಂಡದ್ದೇನು? ಒಂದು ಸಂಭವವನ್ನು. ಇನ್ನೊಬ್ಬನ ಇಪ್ಪತ್ತು ವರ್ಷದ ಅನುಭವದ ನೆರಳಿನಲ್ಲಿ, ಬರಬಹುದಾದ ಅಥವಾ ಬಾರದಿರಬಹುದಾದ ಒಂದು ಸಂಭವದ ಮುಂದೆ ನಿಲ್ಲುವ ಅವಕಾಶವನ್ನು. ಇಷ್ಟನ್ನೇ ಅರಿತು ಹೋಗುವವನ ಸುಖಕ್ಕೆ ಭಂಗವಿಲ್ಲ. ಆದರೆ ಹಣದ ಸ್ವಭಾವ ಹಾಗಲ್ಲ. ಅದು ಕೈಬಿಟ್ಟೊಡನೆ ಪ್ರತಿಫಲವನ್ನು ಕೇಳಲು ಶುರುಮಾಡುತ್ತದೆ. ‘ಇಷ್ಟು ಕೊಟ್ಟಿದ್ದೇವೆ, ಮೀನೆಲ್ಲಿ?’ ಎಂಬ ಪ್ರಶ್ನೆ ಬಾಯಿಗೆ ಬರದಿದ್ದರೂ ಮುಖದಲ್ಲಿ ಮೂಡುತ್ತದೆ. ಆ ಮುಖವನ್ನು ಓದಬಲ್ಲ ಕ್ಯಾಪ್ಟನ್ನನಿಗೆ ದೋಣಿಯ ಸಾಲದ ಕಂತು ನೆನಪಾಗುತ್ತದೆ, ಕೊನೆಯಲ್ಲಿ ಸಿಗಬೇಕಾದ ಭಕ್ಷೀಸು ನೆನಪಾಗುತ್ತದೆ. ಇನ್ನೊಂದು ಗಳಿಗೆ, ಇನ್ನೊಂದು ಮೀನು ಎಂದು ಅವನ ವಿವೇಕ ಸ್ವಲ್ಪ ಸ್ವಲ್ಪವಾಗಿ ಸಡಿಲುತ್ತದೆ. ಅವಕಾಶಕ್ಕೆಂದು ಕೊಟ್ಟ ಹಣ ಫಲದ ಮೇಲಿನ ಹಕ್ಕಾಗಿ ಮಾರ್ಪಡುವ ಈ ಗಳಿಗೆಯಲ್ಲಿಯೇ ನೀತಿಯ ಪ್ರಶ್ನೆ ಹುಟ್ಟುತ್ತದೆ. ಏಕೆಂದರೆ ಈ ಒಪ್ಪಂದದಲ್ಲಿ ಇರುವವರು ಇಬ್ಬರಲ್ಲ, ಮೂವರು. ಮೂರನೆಯದು ನೀರಿನ ಕೆಳಗಿದೆ. ಅದರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ.

ಟೆಕ್ಸಸ್ಸಿನ ಕಾನೂನು ಆ ಮೂರನೆಯವನ ಪರವಾಗಿ ಒಂದಿಷ್ಟು ಮಾತಾಡಿದೆ. 20 ಅಂಗುಲಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಬಾರದು. 28 ಅಂಗುಲಕ್ಕಿಂತ ದೊಡ್ಡದನ್ನೂ, ಪರವಾನಗಿಯೊಡನೆ ಬರುವ ಚೀಟಿಯನ್ನು ಕಟ್ಟಿದ ಹೊರತು, ಇಟ್ಟುಕೊಳ್ಳಬಾರದು. ಎಳೆಯದು ಬೆಳೆಯಲಿ, ಬೆಳೆದದ್ದು ಸಂತಾನವನ್ನು ಬೆಳೆಸಲಿ ಎಂಬುದು ಇದರ ಅಭಿಪ್ರಾಯ. ಮೂವತ್ತು ನಲವತ್ತು ವರ್ಷ ಬಾಳಬಲ್ಲ ಮೀನು ಇದು. ಮಳೆಗಾಲ ಮುಗಿದು ನಮ್ಮಲ್ಲಿ ನವರಾತ್ರಿ ಬರುವ ಹೊತ್ತಿಗೆ ಅಲ್ಲಿ ದೊಡ್ಡ ದೊಡ್ಡ ಮೀನುಗಳು ಮೊಟ್ಟೆಯಿಡಲು ಕೊಲ್ಲಿಯ ಬಾಯಿಯ ಬಳಿ ಕೂಡುತ್ತವೆ. ಗಂಡು ಹೊಟ್ಟೆಯೊಳಗಿಂದ ಡೋಲು ಬಡಿದಂತೆ ಸದ್ದು ಮಾಡುತ್ತದೆ, ಹೆಸರಿನಲ್ಲಿ ಡ್ರಮ್ ಬಂದದ್ದು ಅದರಿಂದಲೇ. ಗಿರಾಕಿಗಳ ನೂಕುನುಗ್ಗಲೂ ಆಗಲೇ. ಹಿಡಿದು, ಎತ್ತಿ, ಚಿತ್ರ ತೆಗೆಸಿಕೊಂಡು, ನೀರಿಗೆ ಬಿಡುತ್ತಾರೆ. ಕಾನೂನು ಮುರಿದಂತಾಗಲಿಲ್ಲ. ಆದರೆ ಸಣ್ಣ ದಾರದಲ್ಲಿ ಬಹಳ ಹೊತ್ತು ಸೆಣಸಿ ದಣಿದು, ಮೇಲಿನ ಗಾಳಿಯಲ್ಲಿ ಕಿವಿರು ಬಡಿದು, ಮರಳಿ ನೀರಿಗೆ ಬಿದ್ದ ಮೀನು ಬದುಕಿತೋ ಇಲ್ಲವೋ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಈ ಚರ್ಚೆ ಹಳೆಯದು. ಐಸಾಕ್ ವಾಲ್ಟನ್ನನು 1653ರಲ್ಲಿ ಗಾಳದ ವಿದ್ಯೆಯ ಮೇಲೆ ಬರೆದ ಗ್ರಂಥದಲ್ಲಿ ಅದನ್ನು ಚಿಂತನಶೀಲನಾದ ಮನುಷ್ಯನ ವಿನೋದವೆಂದು ಕೊಂಡಾಡಿದನು. ಬೈರನ್ ಕವಿ ತನ್ನ ‘ಡಾನ್ ಜುವಾನ್’ ಕಾವ್ಯದಲ್ಲಿ ಆ ವಾಲ್ಟನ್ನನನ್ನೇ ಕ್ರೂರನೆಂದು ಹೀಗಳೆದನು. ಮೀನಿಗೆ ನೋವುಂಟೇ ಎಂಬುದನ್ನು ಕವಿಗಳಿಂದ ವಿಜ್ಞಾನಿಗಳು ಕೈಗೆತ್ತಿಕೊಂಡರು. 2003ರಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ಮುಖದ ಮೇಲೆ, ಬಾಯ ಸುತ್ತ ಕೂಡ, ಘಾತವನ್ನು ಗ್ರಹಿಸುವ ನರಗಳಿವೆಯೆಂದು ತೋರಿಸಿದರು. ಗ್ರಹಿಸುವುದು ಬೇರೆ, ನೋಯುವುದು ಬೇರೆ, ಅದಕ್ಕೆ ಬೇಕಾದ ಮಿದುಳಿನ ಭಾಗ ಮೀನಿಗಿಲ್ಲ ಎಂದು ವಾದಿಸುವ ಪಂಡಿತರೂ ಇದ್ದಾರೆ. ಸ್ವಿಟ್ಜರ್ಲೆಂಡ್ ಈ ವಾದ ಮುಗಿಯುವವರೆಗೆ ಕಾಯಲಿಲ್ಲ. ಮರಳಿ ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದನ್ನು ಅದರ 2008ರ ನಿಯಮಾವಳಿ ನಿಷೇಧಿಸಿತು. ತಿನ್ನಲು ಹಿಡಿ, ಇಲ್ಲವೆ ಹಿಡಿಯಬೇಡ ಎಂದು ಅದರ ತಾತ್ಪರ್ಯ. ಒಂದು ದೇಶದಲ್ಲಿ ದಯೆಯೆನಿಸಿಕೊಂಡದ್ದು ಇನ್ನೊಂದು ದೇಶದಲ್ಲಿ ಅಪರಾಧ!

ಇಲ್ಲಿ ನನಗೆ ನಮ್ಮ ಜೈನ ಕಥೆಗಳಲ್ಲಿ ಬರುವ ಮೃಗಸೇನನ ನೆನಪಾಗುತ್ತದೆ. ಅವನು ಬೆಸ್ತ. ಬಲೆ ಹೊತ್ತು ಹೋಗುವಾಗ ಮುನಿಯೊಬ್ಬರನ್ನು ಕಂಡು, ಬಲೆಗೆ ಮೊದಲು ಬೀಳುವ ಮೀನನ್ನು ಕೊಲ್ಲುವುದಿಲ್ಲವೆಂದು ವ್ರತ ಹಿಡಿದನು. ಮೊದಲು ಬಿದ್ದ ಮೀನಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟನು. ಮತ್ತೆ ಬಲೆ ಬೀಸಿದರೆ ಬಂದದ್ದು ಅದೇ ಮೀನು. ಹೀಗೆ ಐದು ಸಲವಾಯಿತು. ಐದು ಸಲವೂ ಬಿಟ್ಟು, ಬರಿಗೈಯಲ್ಲಿ ಮನೆಗೆ ಬಂದನು. ಹೆಂಡತಿ ಬಾಗಿಲು ಹಾಕಿಕೊಂಡಳು. ಹೊರನೋಟಕ್ಕೆ ಮೃಗಸೇನನೂ ಜೆಟ್ಟಿಯ ಬಳಿಯ ಗಿರಾಕಿಯೂ ಮಾಡಿದ್ದು ಒಂದೇ ಕೆಲಸ: ಹಿಡಿದ ಮೀನನ್ನು ಬಿಟ್ಟರು. ಆದರೆ ಒಬ್ಬನು ಬಿಟ್ಟದ್ದು ತನ್ನ ರಾತ್ರಿಯ ಊಟವನ್ನು. ಇನ್ನೊಬ್ಬನು ಬಿಟ್ಟದ್ದು ತನಗೆ ಬೇಡವಾದದ್ದನ್ನು. ಒಬ್ಬನು ಹಿಡಿದದ್ದು ಹೊಟ್ಟೆಯ ಪಾಡಿಗೆ, ಬಿಟ್ಟದ್ದು ವ್ರತಕ್ಕೆ. ಇನ್ನೊಬ್ಬನು ಹಿಡಿದದ್ದೂ ಬಿಟ್ಟದ್ದೂ ತನ್ನ ಸಂತೋಷಕ್ಕೆ. ತ್ಯಾಗದ ತೂಕ ಕೈ ಬಿಚ್ಚುವುದರಲ್ಲಿಲ್ಲ, ಕೈ ಬಿಚ್ಚಿದಾಗ ನಮ್ಮಿಂದ ಏನು ಹೋಯಿತು ಎಂಬುದರಲ್ಲಿದೆ. ಬಿಟ್ಟುಬಿಟ್ಟೆ ಎಂಬ ಮಾತಿನಿಂದ ಮಾತ್ರ ಹಿಡಿದದ್ದರ ಲೆಕ್ಕ ತೀರುವುದಿಲ್ಲ.

ಇದಕ್ಕೆ ಗಾಳದವರ ಉತ್ತರ ಬಲವಾದದ್ದೇ. ಮೀನಿನ ಮಾರಾಟ ನಿಲ್ಲಿಸಲು ಹೋರಾಡಿದವರು ನಾವೇ ಅಲ್ಲವೆ, ಎನ್ನುತ್ತಾರೆ. ನಮ್ಮ ಪರವಾನಗಿಯ ಹಣದಿಂದಲೂ, 1950ರ ಕಾನೂನಿನಂತೆ ಗಾಳದ ಸಲಕರಣೆಗಳ ಮೇಲೆ ಬರುವ ತೆರಿಗೆಯಿಂದಲೂ ಮೀನುಗಳ ರಕ್ಷಣೆ ನಡೆಯುತ್ತಿದೆ. ಸರಕಾರ ಮರಿ ಬೆಳೆಸಿ ಕೊಲ್ಲಿಗೆ ಬಿಡುತ್ತಿದೆ. ಪೇಟೆಯಲ್ಲಿ ಮೀನು ಕೊಂಡು ತಿನ್ನುವವನು ಒಂದು ಬಲೆಯಲ್ಲಿ ಸತ್ತ ಸಾವಿರವನ್ನು ನೋಡುವುದೇ ಇಲ್ಲ, ನಾವು ಒಂದನ್ನಾದರೂ ಕಣ್ಣಿಟ್ಟು ನೋಡುತ್ತೇವೆ. ಈ ಮಾತು ನಿಜ. ತಟ್ಟೆಯಲ್ಲಿ ಬಂದದ್ದರ ಹಿಂದಿನ ಕಥೆಯನ್ನು ಕೇಳದೆ ಉಣ್ಣುವ ನಾವು, ಸಸ್ಯಾಹಾರಿಗಳೂ ಸೇರಿ, ಅವರನ್ನು ಜರೆಯುವಷ್ಟು ಶುದ್ಧರಲ್ಲ. ಆದರೆ ಕುಲವನ್ನು ಕಾಪಾಡಿದೆ ಎಂಬುದು ಒಂದೊಂದು ಜೀವವನ್ನು ಮನಬಂದಂತೆ ನಡೆಸಿಕೊಳ್ಳಲು ಕೊಟ್ಟ ರಹದಾರಿಯಾಗಲಾರದು. ಊರಿಗೆ ಕೆರೆ ಕಟ್ಟಿಸಿದವನಿಗೂ ನೆರೆಯವನ ಕೊಡವನ್ನು ಒಡೆಯುವ ಹಕ್ಕು ಬರುವುದಿಲ್ಲ.

ಹಾಗೆಂದು ಆ ದೋಣಿಯನ್ನು ಹತ್ತಲೇಬಾರದೆ? ನಾನು ಅಷ್ಟು ದೂರ ಹೋಗಲಾರೆ. ಉಬ್ಬರವಿಳಿತಗಳನ್ನೂ ಗಾಳಿಯನ್ನೂ ಕಲ್ಲಿನ ಸಂದಿಗಳನ್ನೂ ಓದಬಲ್ಲವನ ಜೊತೆ ಒಂದು ಬೆಳಗನ್ನು ಕಳೆಯುವುದು ನಗರದ ಮನುಷ್ಯನಿಗೆ ಒಳ್ಳೆಯ ಶಿಕ್ಷಣ. ಮನೆಯವರು ಕೂಡಿ ಉಣ್ಣುವಷ್ಟು ಮೀನು ಹಿಡಿದು ತಂದರೆ ಅದು ಪೇಟೆಯಿಂದ ತಂದ ಮೀನಿಗಿಂತ ಹೆಚ್ಚು ಪಾಪದ್ದೇನಲ್ಲ. ಪ್ರಾಮಾಣಿಕತೆಯಲ್ಲಿ ಒಂದು ಗುಲಗಂಜಿ ತೂಕ ಹೆಚ್ಚೇ ಇದ್ದೀತು. ಆದರೆ ಮುಂಗಡ ಕಳಿಸುವ ಮುನ್ನ ಕ್ಯಾಪ್ಟನ್ನನನ್ನು ‘ಎಷ್ಟು ಮೀನು ಸಿಕ್ಕೀತು?’ ಎಂದು ಕೇಳುವ ಬದಲು ‘ಎಲ್ಲಿಗೆ ಸಾಕು ಎನ್ನುತ್ತೀರಿ?’ ಎಂದು ಕೇಳಬೇಕು. ದೊಡ್ಡ ಮೀನು ದಣಿಯುವ ಮುನ್ನ ಬೇಗ ಬರುವಂಥ ಗಟ್ಟಿ ದಾರ ಇದೆಯೇ, ನೀರಿನಿಂದ ಮೇಲೆತ್ತದೆ ಗಾಳ ಬಿಡಿಸುತ್ತೀರಾ ಎಂದು ಕೇಳಬೇಕು. ಮೊಟ್ಟೆಯಿಡಲು ಬಂದವನ್ನು ಅವುಗಳ ಪಾಡಿಗೆ ಬಿಟ್ಟು ಬೇರೆ ಕಡೆ ಲಂಗರು ಹಾಕೋಣ ಎಂದು ಹಣ ಕೊಟ್ಟವನೇ ಹೇಳಿದರೆ, ಕ್ಯಾಪ್ಟನ್ನನಿಗೆ ಕಂತಿನ ಭಯವೂ ತಪ್ಪುತ್ತದೆ, ಭಕ್ಷೀಸಿನ ಭಯವೂ ತಪ್ಪುತ್ತದೆ.

ಮೂರನೆಯವನ ಒಪ್ಪಿಗೆ ನಮಗೆ ಎಂದೂ ಸಿಗಲಾರದು, ಅದಕ್ಕೆ ಮಾತಿಲ್ಲ. ಮಾತಿಲ್ಲದವರ ಜೊತೆ ವ್ಯವಹರಿಸುವಾಗ ಅವರ ಪರವಾದ ಮಾತನ್ನು ನಾವೇ ಆಡಬೇಕಾಗುತ್ತದೆ. ಆ ಮಾತು ದೊಡ್ಡದೇನಲ್ಲ, ಎರಡಕ್ಷರದ್ದು: ಸಾಕು. ಹಣ ಕೊಟ್ಟವನ ಬಾಯಿಂದ ಅದು ಬಂದರೆ ಮಾತ್ರ ಅದಕ್ಕೆ ಬೆಲೆ.