ಕೊಂಡ ಮೇಲೂ ಕೇಳಬೇಕೆ?

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಕ್ಕನ ಮನೆಗೆ ಹೋಗಿದ್ದೆ. ಏಳನೇ ತರಗತಿ ಮುಗಿಸಿದ್ದ ಅವಳ ಮಗನಿಗೆ ಭಾವ ಬೆಂಗಳೂರಿನಿಂದ ವಿಡಿಯೋ ಗೇಮ್ ಕನ್ಸೋಲ್ ಒಂದನ್ನು ತಂದಿದ್ದರು. ಜೊತೆಗೆ ಆಟದ ಡಿಸ್ಕ್ ಕೂಡ ಇತ್ತು. ಹುಡುಗ ಪೆಟ್ಟಿಗೆ ಬಿಚ್ಚಿ, ತಂತಿಗಳನ್ನೆಲ್ಲ ಟಿವಿಗೆ ಜೋಡಿಸಿ, ಡಿಸ್ಕ್ ತೂರಿಸಿ ಕೂತ. ಮೊದಲು ಇಂಟರ್ನೆಟ್‌ಗೆ ಸೇರಿಸಿ ಎಂದಿತು ಯಂತ್ರ. ಹೊರಗೆ ಧೋ ಎನ್ನುವ ಮಳೆ. ಎರಡು ದಿನದಿಂದ ಮನೆಯ ಕೇಬಲ್ ಸತ್ತಿತ್ತು, ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಹುಡುಗ ನನ್ನ ಕಡೆ ತಿರುಗಿ ಕೇಳಿದ: "ಮಾವ, ದುಡ್ಡು ಕೊಟ್ಟಾಗಿದೆ ಅಲ್ವಾ? ಮತ್ತೆ ಯಾರನ್ನ ಕೇಳ್ಬೇಕು?"

ಆಗ ಏನೋ ಸಮಾಧಾನ ಹೇಳಿ ಚದುರಂಗದ ಹಾಸು ತೆಗೆದೆ. ಆದರೆ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾವು ಕೊಂಡ ವಸ್ತು ಬಳಕೆಗೆ ಮುನ್ನ ಬೇರೆಯವರ ಒಪ್ಪಿಗೆ ಕೇಳುತ್ತದೆ ಎಂದಾದರೆ, ಅದನ್ನು ಕೊಂಡೆವು ಎನ್ನುವುದಕ್ಕೆ ಏನರ್ಥ?

ಈ ಪ್ರಶ್ನೆ ಜಗತ್ತಿನ ಮುಂದೆ ಬಹಳ ಜೋರಾಗಿ ಬಂದದ್ದು 2013ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಅನ್ನು ಘೋಷಿಸಿತು. ಜೂನ್ ಮೊದಲ ವಾರದಲ್ಲಿ ಅದರ ನಿಯಮಗಳು ಹೊರಬಂದವು. ಯಂತ್ರ 24 ಗಂಟೆಗೊಮ್ಮೆಯಾದರೂ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರನ್ನು ಮುಟ್ಟಿ ಬರಬೇಕು. ಇಲ್ಲದಿದ್ದರೆ ಒಬ್ಬರೇ ಆಡುವ ಆಟವೂ ನಡೆಯದು. ಗೆಳೆಯನ ಮನೆಯ ಯಂತ್ರದಲ್ಲಿ ನಿಮ್ಮ ಆಟ ಆಡುವುದಾದರೆ ಗಂಟೆಗೊಮ್ಮೆ ಮುಟ್ಟಬೇಕು. ಡಿಸ್ಕ್ ಅನ್ನು ಗೆಳೆಯನಿಗೆ ಕೊಟ್ಟುಬಿಡಬಹುದು, ಆದರೆ ಅವನು ನಿಮ್ಮ ಗೆಳೆಯರ ಪಟ್ಟಿಯಲ್ಲಿ ಕನಿಷ್ಠ 30 ದಿನಗಳಿಂದ ಇರಬೇಕು. ಅದೂ ಒಂದು ಆಟವನ್ನು ಒಮ್ಮೆ ಮಾತ್ರ.

ಸಂಪರ್ಕವಿಲ್ಲದವರು ಏನು ಮಾಡಬೇಕು ಎಂದು ಕೇಳಿದಾಗ, ಆ ವಿಭಾಗದ ಮುಖ್ಯಸ್ಥ ಡಾನ್ ಮ್ಯಾಟ್ರಿಕ್, ಅಂಥವರಿಗಾಗಿ ಎಕ್ಸ್‌ಬಾಕ್ಸ್ 360 ಎಂಬ ಹಳೆಯ ಯಂತ್ರ ಇದೆಯಲ್ಲ ಎಂಬರ್ಥದ ಉತ್ತರ ಕೊಟ್ಟರು. ಮಾತಿನ ನಡುವೆ ಅಣುಶಕ್ತಿ ಜಲಾಂತರ್ಗಾಮಿಯಲ್ಲಿ ಇರುವವರ ಪ್ರಸ್ತಾಪವೂ ಬಂತು. ಸಂಪರ್ಕ ಇಲ್ಲದ ಮನುಷ್ಯ ಎಂದರೆ ಸಮುದ್ರದ ತಳದಲ್ಲಿರುವ ಸೈನಿಕ ಎಂಬ ಕಲ್ಪನೆ ಅದು. ಮಳೆಗಾಲದ ಮಲೆನಾಡಿನ ಹುಡುಗ ಆ ಕಲ್ಪನೆಯಲ್ಲಿ ಎಲ್ಲೂ ಇರಲಿಲ್ಲ.

ಅದೇ ಜೂನ್ 10ರಂದು ಸೋನಿ ಕಂಪನಿ ತನ್ನ ಪ್ಲೇಸ್ಟೇಷನ್ 4ಕ್ಕೆ ಇಂಥ ಯಾವ ತಪಾಸಣೆಯೂ ಇಲ್ಲ ಎಂದು ವೇದಿಕೆಯ ಮೇಲೆ ಹೇಳಿದಾಗ ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಆಟವನ್ನು ಹಂಚಿಕೊಳ್ಳುವುದು ಹೇಗೆಂದು ತೋರಿಸುವ ಪುಟ್ಟ ವಿಡಿಯೋ ಒಂದನ್ನೂ ಅದು ಬಿಟ್ಟಿತು: ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ, ಅಷ್ಟೇ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ತನ್ನ ನಿಯಮಗಳನ್ನು ಹಿಂತೆಗೆದುಕೊಂಡಿತು. 2014ರ ಸೆಪ್ಟೆಂಬರಿನಲ್ಲಿ ಆ ಯಂತ್ರ ಭಾರತಕ್ಕೆ ಬರುವ ಹೊತ್ತಿಗೆ ನಿತ್ಯದ ತಪಾಸಣೆ ಹಳೆಯ ಸುದ್ದಿಯಾಗಿತ್ತು.

ಕಂಪನಿಗಳ ವಾದವನ್ನೂ ನ್ಯಾಯವಾಗಿ ಕೇಳಬೇಕು. ಆಟವೊಂದನ್ನು ಮಾಡಲು ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಕಳ್ಳಪ್ರತಿ ಅವರ ಹೊಟ್ಟೆಯ ಮೇಲೆ ಹೊಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಅಂಗಡಿಗೆ ಲಾಭ, ಮಾಡಿದವರಿಗೆ ಬಿಡಿಗಾಸಿಲ್ಲ. ಅಲ್ಲದೆ ಆ ಯೋಜನೆಯಲ್ಲಿ ಗ್ರಾಹಕನಿಗೂ ಅನುಕೂಲವಿತ್ತು: ಒಮ್ಮೆ ಆಟವನ್ನು ಯಂತ್ರಕ್ಕೆ ಹಾಕಿಕೊಂಡರೆ ಡಿಸ್ಕ್ ಬೇಡ, ಕುಟುಂಬದ ಹತ್ತು ಮಂದಿಯವರೆಗೆ ಹಂಚಿಕೊಳ್ಳಬಹುದು. ಒಂದೇ ಪ್ರತಿ ಹತ್ತು ಕಡೆ ಏಕಕಾಲಕ್ಕೆ ಓಡದಂತೆ ನೋಡಲು ತಪಾಸಣೆ ಬೇಕೇ ಬೇಕಲ್ಲ ಎಂಬ ಮಾತಿನಲ್ಲಿ ತರ್ಕವಿದೆ. ನಿಯಮ ಹೋದಾಗ ಈ ಹಂಚಿಕೆಯ ಸೌಲಭ್ಯವೂ ಹೋಯಿತು.

ಆದರೂ ನನಗೆ ಇದರಲ್ಲಿ ಎರಡು ತೊಡಕು ಕಾಣುತ್ತವೆ.

ಮೊದಲನೆಯದು ನಂಬಿಕೆಯದ್ದು. ಜಾಮೀನಿನ ಮೇಲೆ ಬಿಟ್ಟ ಆರೋಪಿ ಠಾಣೆಗೆ ಹೋಗಿ ಸಹಿ ಹಾಕಿ ಬರುವುದನ್ನು ಕಂಡಿದ್ದೇವೆ. ಅಲ್ಲಿ ಒಂದು ಆರೋಪವಾದರೂ ಇರುತ್ತದೆ. ದುಡ್ಡು ಕೊಟ್ಟು, ರಸೀದಿ ಪಡೆದು, ಮನೆಯ ಮೂಲೆಯಲ್ಲಿ ಆಡುತ್ತಿರುವವನು ದಿನಕ್ಕೊಮ್ಮೆ ತಾನು ಕಳ್ಳನಲ್ಲ ಎಂದು ಸಹಿ ಹಾಕಬೇಕಾದದ್ದು ಯಾವ ಆರೋಪಕ್ಕೆ? ಕಳ್ಳ ಹೇಗಾದರೂ ಬೀಗ ಮುರಿಯುವ ದಾರಿ ಹುಡುಕುತ್ತಾನೆ. ಪ್ರತಿದಿನ ಸಾಲಿನಲ್ಲಿ ನಿಲ್ಲುವವನು ಸಾಚಾ ಮನುಷ್ಯ ಮಾತ್ರ.

ಎರಡನೆಯದು ಹೊಣೆಯದ್ದು. ಸಂಪರ್ಕ ಕಡಿಯುವುದು ಯಾವಾಗಲೂ ನಮ್ಮ ಕಡೆಯಿಂದಲೇ ಅಲ್ಲ. 2011ರ ಏಪ್ರಿಲ್‌ನಲ್ಲಿ ಹ್ಯಾಕರ್‌ಗಳ ದಾಳಿಯಿಂದಾಗಿ ಸೋನಿ ತನ್ನ ಪ್ಲೇಸ್ಟೇಷನ್ ನೆಟ್‌ವರ್ಕನ್ನು ಮುಚ್ಚಬೇಕಾಯಿತು. ಮತ್ತೆ ತೆರೆಯಲು ಮೂರು ವಾರಕ್ಕೂ ಹೆಚ್ಚು ಹಿಡಿಯಿತು. ಆಗ ಅಲ್ಲಿ 24 ಗಂಟೆಯ ನಿಯಮ ಇದ್ದಿದ್ದರೆ ಅಷ್ಟೂ ದಿನ ಮನೆಮನೆಯ ಯಂತ್ರಗಳು ಬರೀ ಪೆಟ್ಟಿಗೆಗಳಾಗಿ ಬಿದ್ದಿರುತ್ತಿದ್ದವು. ಅದಕ್ಕೂ ಹಿಂದೆ, 2010ರ ಮಾರ್ಚ್ 1ರಂದು, ಹಳೆಯ ಮಾದರಿಯ ಪ್ಲೇಸ್ಟೇಷನ್ 3 ಯಂತ್ರಗಳ ಒಳಗಿನ ಗಡಿಯಾರ ಆ ವರ್ಷವನ್ನು ಅಧಿಕ ವರ್ಷವೆಂದು ತಪ್ಪಾಗಿ ಎಣಿಸಿತು. ಅಷ್ಟಕ್ಕೇ ನೆಟ್‌ವರ್ಕ್ ಸಿಗದಾಯಿತು, ಕೆಲವು ಆಟಗಳು ತೆರೆಯಲೇ ಇಲ್ಲ. ತಪ್ಪು ಅವರದ್ದಾದರೂ ಬಾಗಿಲು ಮುಚ್ಚುವುದು ನಮ್ಮ ಮನೆಯಲ್ಲಿ.

ಮಾರಿದ ಮೇಲೂ ಹಿಡಿತ ಬಿಡದಿರುವ ಆಸೆ ಹೊಸದಲ್ಲ. ಅಮೆರಿಕದಲ್ಲಿ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ತನ್ನ ಕಾದಂಬರಿಯೊಂದರ ಒಳಪುಟದಲ್ಲಿ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಯಾರೂ ಮಾರಕೂಡದು ಎಂದು ಅಚ್ಚುಹಾಕಿತ್ತು. ಮೇಸೀಸ್ ಅಂಗಡಿಯವರು 89 ಸೆಂಟಿಗೆ ಮಾರಿದರು. ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಹೋಯಿತು. ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟದ ಬೆಲೆ ಕಟ್ಟುವ ಹಕ್ಕು ಕೃತಿಸ್ವಾಮ್ಯದಲ್ಲಿ ಸೇರಿಲ್ಲ ಎಂದು 1908ರಲ್ಲಿ ತೀರ್ಪು ಬಂತು. ಆ ಪ್ರಕಾಶಕರಿಗೆ ಅಚ್ಚುಮೊಳೆ ಮಾತ್ರ ಇತ್ತು. ಓದುಗನ ಕಪಾಟಿನ ತನಕ ಚಾಚುವ ಕೈ ಇರಲಿಲ್ಲ. ಇಂದು ಇಂಟರ್ನೆಟ್ ಆ ಕೈಯನ್ನು ಕೊಟ್ಟಿದೆ. ಕೈ ಇದೆ ಎಂದ ಮಾತ್ರಕ್ಕೆ ಹಕ್ಕು ಬಂದುಬಿಡುತ್ತದೆಯೆ?

ಹಾಗಾದರೆ ಸಂಪರ್ಕ ಕೇಳುವುದೇ ತಪ್ಪೇ? ಹಾಗೆನ್ನಲಾರೆ. ದೂರದೂರಿನ ಗೆಳೆಯನೊಡನೆ ಆಡಬೇಕಾದರೆ ತಂತಿ ಬೇಕು. ಅದು ಆಟದ ಸ್ವಭಾವ, ಫೋನಿನಲ್ಲಿ ಮಾತಾಡಲು ಸಿಗ್ನಲ್ ಬೇಕಾದ ಹಾಗೆ. ಆಟದ ದೋಷ ತಿದ್ದುವ ಅಪ್‌ಡೇಟ್‌ಗೂ ಬೇಕು. ಇಲ್ಲೆಲ್ಲ ಸಂಪರ್ಕ ನನ್ನ ಕೆಲಸಕ್ಕೆ ಬರುತ್ತದೆ. ಒಬ್ಬನೇ ಕೂತು ಆಡುವ ಆಟ ಸಂಪರ್ಕ ಕೇಳಿದಾಗ ಅದು ನನ್ನ ಮೇಲಿನ ಕಾವಲಿಗೆ ಬರುತ್ತದೆ. ಸಂಪರ್ಕ ಯಾರ ಕೆಲಸಕ್ಕೆ ಎಂದು ಕೇಳಿಕೊಂಡರೆ ಬಹಳಷ್ಟು ಗೊಂದಲ ತಿಳಿಯಾಗುತ್ತದೆ.

2013ರಲ್ಲಿ ಗ್ರಾಹಕರು ಗೆದ್ದರು ಎನ್ನುತ್ತಾರೆ. ನನಗೆ ಅನುಮಾನ. ಮುಂಬಾಗಿಲಲ್ಲಿ ತಡೆದದ್ದು ಹಿತ್ತಲ ಬಾಗಿಲಿನಿಂದ ಒಳಬಂದಿದೆ. ಡಿಸ್ಕ್ ಹಾಕುವ ಜಾಗವೇ ಇಲ್ಲದ ಯಂತ್ರಗಳು ಬಂದವು. ಅವುಗಳಲ್ಲಿ ಗೆಳೆಯನ ಕೈಗೆ ಕೊಡಲು ಏನೂ ಇಲ್ಲ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ, ಅದನ್ನು ಇಳಿಸಿಕೊಳ್ಳುವ ಕೀಲಿ ಮಾತ್ರ ಇರುತ್ತದೆ. ಇವನ್ನೆಲ್ಲ ನಾವೇ, ಅನುಕೂಲ ಕಂಡು, ಇಷ್ಟಪಟ್ಟು ಕೊಂಡೆವು. ನಾನೂ ಕೊಂಡಿದ್ದೇನೆ.

ಇದರ ಕೊನೆ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಯೂಬಿಸಾಫ್ಟ್ ಕಂಪನಿಯ 'ದಿ ಕ್ರೂ' ಉದಾಹರಣೆ. 2014ರಲ್ಲಿ ಬಂದ ಈ ಕಾರ್ ಓಟದ ಆಟಕ್ಕೆ, ಒಬ್ಬರೇ ಆಡಿದರೂ, ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಅಂದಿನಿಂದ ಅದರ ಡಿಸ್ಕ್ ಹೊಳೆಯುವ ಬಿಲ್ಲೆ ಮಾತ್ರ. ಆ ಆಟಗಾರರ ಸಿಟ್ಟಿನಿಂದ, ಆಟಗಳನ್ನು ಕೊಲ್ಲಬೇಡಿ ಎಂಬ ಚಳವಳಿಯೇ ಹುಟ್ಟಿ, 2025ರಲ್ಲಿ ಯುರೋಪಿನ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಸರ್ವರನ್ನು ಶಾಶ್ವತವಾಗಿ ನಡೆಸಿ ಎಂದು ಅವರು ಕೇಳುತ್ತಿಲ್ಲ. ಹೋಗುವಾಗ ಆಟವನ್ನು ಆಡಲು ಬರುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತಿದ್ದಾರೆ. ಮನೆ ಮಾರಿದವನು ಊರು ಬಿಡುವಾಗ ಬೀಗದ ಕೈ ಕೊಟ್ಟು ಹೋಗಲಿ ಎಂಬಷ್ಟೇ ಕೇಳಿಕೆ ಅದು.

ಇನ್ನೊಂದು ಕೇಳಿಕೆ ನುಡಿಗೆ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಡಿಜಿಟಲ್ ಸರಕನ್ನು 'ಕೊಳ್ಳಿ' ಎಂಬ ಪದ ಬಳಸಿ ಮಾರುವವರು, ಇದು ಬರೀ ಬಳಕೆಯ ಪರವಾನಗಿ ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು. ಸಂಪರ್ಕವಿಲ್ಲದೆಯೂ ಶಾಶ್ವತವಾಗಿ ಬಳಸಲು ಇಳಿಸಿಕೊಳ್ಳಬಹುದಾದ ಸರಕಿಗೆ ವಿನಾಯಿತಿ ಇದೆ. ಸಣ್ಣ ಕಾನೂನು, ಆದರೆ ಮುಖ್ಯವಾದ ಜಾಗಕ್ಕೆ ಬೆರಳಿಟ್ಟಿದೆ. ಬಾಡಿಗೆಗೆ ಕೊಡುವುದು ಅನ್ಯಾಯವಲ್ಲ, ಬಾಡಿಗೆಯನ್ನು ಮಾರಾಟವೆಂದು ಕರೆಯುವುದು ಅನ್ಯಾಯ. ಪದ ಸರಿಯಾಗಿದ್ದರೆ ಬೆಲೆಯ ಚೌಕಾಸಿಯೂ ಸರಿಯಾಗಿ ನಡೆಯುತ್ತದೆ. ಹತ್ತು ವರ್ಷದ ಬಾಡಿಗೆಗೆ ಇಷ್ಟು ಕೊಡಬಹುದೆ ಎಂದು ಭಾವ ಅಂಗಡಿಯಲ್ಲಿ ಯೋಚಿಸಬಹುದಿತ್ತು.

ಮೂರನೇ ದಿನ ಮಳೆ ಹೊಳವಾಯಿತು, ಕೇಬಲ್ ಬಂತು. ಯಂತ್ರ ಯಾರನ್ನೋ ಕೇಳಿತು, ಅವರು ಒಪ್ಪಿದರು, ಹುಡುಗ ಆಡಿದ. ಅವನ ಪ್ರಶ್ನೆಗೆ ಈಗ ಉತ್ತರ ಹೇಳಬಹುದೇನೋ: ಪೆಟ್ಟಿಗೆ ನಿನ್ನದು ಮರಿ, ಒಪ್ಪಿಗೆ ಅವರದ್ದು. ಆದರೆ ಹೇಳಿಲ್ಲ. ಆ ಮೂರು ದಿನ ಯಾರನ್ನೂ ಕೇಳದೆ ಆಡಿದ ಚದುರಂಗದಲ್ಲಿ ಅವನು ನನ್ನನ್ನು ಎರಡು ಸಲ ಸೋಲಿಸಿದ್ದ. ಮುಂದಿನ ರಜೆಯಲ್ಲಿ ಆ ಹಾಸನ್ನು ಅವನಿಗೇ ಕೊಟ್ಟುಬಿಡಬೇಕೆಂದಿದ್ದೇನೆ. ಅದನ್ನು ಕೊಡಲು ಅವನು ನನ್ನ ಪಟ್ಟಿಯಲ್ಲಿ 30 ದಿನ ಇರಬೇಕಾಗಿಲ್ಲ.