ಕೆಲಸ ಕೊಡುವದು ದಾನವೋ, ಋಣವೋ?



ಮತ್ತಾಯನ ಸುವಾರ್ತೆಯ ೨೦ನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ದ್ರಾಕ್ಷೇತೋಟದ ಯಜಮಾನನ ಸಾಮ್ಯವನ್ನು ಹೇಳಿದನು. ಹೊತ್ತು ಮುಣುಗಲಿಕ್ಕೆ ಬಂದಾಗಲೂ ಕೆಲವರು ಸುಮ್ಮನೆ ನಿಂತಿದ್ದರು. ಕಾರಣವೇನೆಂದು ಯಜಮಾನನು ವಿಚಾರಿಸಲು, ಯಾರೂ ತಮ್ಮನ್ನು ಕೂಲಿಗೆ ಕರೆಯಲಿಲ್ಲವೆಂದು ಉತ್ತರಕೊಟ್ಟರು. ಆತನು ಅವರನ್ನು ಸೋಮಾರಿಗಳೆಂದು ಗದರಿಸಲಿಲ್ಲ, ಭಿಕ್ಷೆಯನ್ನೂ ಹಾಕಲಿಲ್ಲ; ತೋಟಕ್ಕೆ ಕಳುಹಿಸಿದನು.

ಇಂಥವರು ಈಗಲೂ ಇದ್ದಾರೆ. ಬೆಂಗಳೂರಿನ ದಕ್ಷಿಣ ಭಾಗವನ್ನು ನೋಡಿರಿ. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿವಾರ ಹಾಕಲ್ಪಟ್ಟಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಹಳ್ಳಿಗಳ ಹೆಸರುಗಳು ಕೂಡಿ ಬಿ.ಟಿ.ಎಂ. ಬಡಾವಣೆಯೆಂಬ ಹೆಸರಾಯಿತು. ದೊಡ್ಡ ಮನೆಗಳೂ ಅಂಗಡಿಸಾಲುಗಳೂ ಎದ್ದವು. ಅವುಗಳ ಮಗ್ಗುಲಲ್ಲೇ ಜೆ.ಪಿ. ನಗರದ ರಾಗಿಗುಡ್ಡದಂಥ ಬಡವರ ವಸತಿಗಳೂ ಇವೆ. ನಮ್ಮ ಹಳ್ಳಿಗಳ ಯೌವನಸ್ಥರೂ ಅಲ್ಲಿಗೆ ಹೋಗುತ್ತಾರೆ. ಕಲಿಕೆ ಕಡಿಮೆಯಾದವನಿಗೆ ಮೊದಲು ಬಾಗಲು ತೆರೆಯುವದು ಅನೇಕ ಸಾರಿ ದರ್ಶಿನಿ, ದಿನಸಿ ಅಂಗಡಿ, ಗ್ಯಾರೇಜು, ದರ್ಜಿಯ ಅಂಗಡಿ ಇವೇ. ಆದಕಾರಣ ಬಡಮನೆಗಳ ಅನ್ನವು ಚಿಕ್ಕ ವ್ಯಾಪಾರಿಯ ಮನಸ್ಸಾಕ್ಷಿಯನ್ನು ಆತುಕೊಂಡಿದೆ.

ಹೀಗಿರಲಾಗಿ ಒಂದು ಪ್ರಶ್ನೆಯು ಹುಟ್ಟುತ್ತದೆ. ಅಂಗಡಿಯವನು ಬಡ ಹುಡುಗನನ್ನು ಕೆಲಸಕ್ಕಿಟ್ಟುಕೊಂಡು, ತಾನು ದಾನಮಾಡಿದೆನೆಂದು ನೆನಸಬಹುದೋ? ಹಾಗೆ ನೆನಸಿದ ಕೂಡಲೇ ಅವನ ಕೈ ಸಂಬಳವನ್ನು ತಗ್ಗಿಸುತ್ತದೆ. ಹುಡುಗನು ವಾರಕ್ಕೊಂದು ದಿನ ಬಿಡುವು ಕೇಳಿದರೆ ಅದು ಕೃತಘ್ನತೆಯಾಗಿ ಕಾಣುತ್ತದೆ. ಯಾಕಂದರೆ ದಾನಕ್ಕೆ ಲೆಕ್ಕ ಕೇಳುವವರಿಲ್ಲ. ಆದರೆ ದುಡಿದ ಮೇಲೆ ಕೂಲಿಯು ಯಜಮಾನನದಲ್ಲ, ದುಡಿದವನದು. ತಡೆದಿಟ್ಟ ಕೂಲಿಯೇ ದೇವರ ಮುಂದೆ ಮೊರೆಯಿಡುವದೆಂದು ಯಾಕೋಬನು ತನ್ನ ಪತ್ರಿಕೆಯ ೫ನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದಾನೆ.

ನಮ್ಮ ಹಿರಿಯರ ಕಾಲದಲ್ಲಿಯೂ ಈ ಪ್ರಶ್ನೆ ಇತ್ತು. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಕ್ರಿಸ್ತನನ್ನು ನಂಬಿದವರಲ್ಲಿ ಅನೇಕರು ಜಾತಿಯಿಂದ ಹೊರಗಾಗಿ ಜೀವನದ ದಾರಿಯನ್ನು ಕಳಕೊಂಡರು. ಅವರಿಗೆ ಅಕ್ಕಿ ಹಂಚಿದರೆ ಸಾಲದೆಂದು ಕಂಡು, ೧೮೫೧ರಲ್ಲಿ ಬಂದ ಹಾಲರನು ನೇಯ್ಗೆಯನ್ನು ಬೆಳಿಸಿದನು. ೧೮೬೫ರಲ್ಲಿ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಅಕ್ಕಿಯು ಉಂಡ ದಿನಕ್ಕೆ ಮುಗಿಯುತ್ತದೆ, ಕೈಕೆಲಸವು ಮುಗಿಯುವದಿಲ್ಲ. ಆದಾಗ್ಯೂ ಸಭೆಯೂ ಸಂಬಳವೂ ಒಂದೇ ಕೈಯಲ್ಲಿರುವಾಗ ಕೆಲಸಗಾರನು ಬಾಯಿಬಿಡಲು ಅಂಜುವನು. ಆದದರಿಂದ ಕೆಲಸವನ್ನು ಕೃಪೆಯೆಂದು ಕೊಡುವದಕ್ಕಿಂತ ನ್ಯಾಯವೆಂದು ಕೊಡುವದೇ ಲೇಸು.

ಕೆಲವರು ಆಕ್ಷೇಪಿಸುವದೇನಂದರೆ: ಚಿಕ್ಕ ವ್ಯಾಪಾರಿಯು ತಾನೇ ಬಡವನಲ್ಲವೇ? ಈ ಮಾತು ನಿಜ. ಬೀದಿಯಲ್ಲಿ ಮಾರುವವರ ರಕ್ಷಣೆಗೆ ೨೦೧೪ರಲ್ಲಿ ಕಾಯಿದೆಯಾಯಿತು; ೨೦೨೦ರಲ್ಲಿ ಸರಕಾರವು ಅವರಿಗೆ ಮೊದಲನೆಯ ಸಾಲವಾಗಿ ೧೦,೦೦೦ ರೂಪಾಯಿಯ ವರೆಗೆ ಕೊಡಿಸುವ ಯೋಜನೆಯನ್ನು ತಂದಿತು. ಇಷ್ಟು ಚಿಕ್ಕ ಸಾಲವೂ ಬೇಕಾಗುವವನ ಲಾಭವು ಎಷ್ಟಿದ್ದೀತು? ಶಕ್ತಿಗೆ ಮೀರಿ ಆಳುಗಳನ್ನಿಟ್ಟುಕೊಳ್ಳಬೇಕೆಂದು ದೇವರು ಯಾರಿಗೂ ಅಪ್ಪಣೆಕೊಡಲಿಲ್ಲ. ಆದರೆ ಇಟ್ಟುಕೊಂಡವನಿಗೆ ನ್ಯಾಯವಾದದ್ದನ್ನು ಕೊಡದೆ ತನ್ನ ಬಡತನವನ್ನು ಮುಂದೆ ಮಾಡಲಾಗದು; ಹಾಗೆ ಮಾಡಿದರೆ ತನ್ನ ಹೊರೆಯನ್ನು ತನಗಿಂತ ಬಡವನ ತಲೆಗೆ ಏರಿಸಿದಂತಾಗುವದು.

ಈ ಋಣದಲ್ಲಿ ಕೊಳ್ಳುವವರಿಗೂ ಪಾಲಿದೆ. ಅಂಗಡಿಯ ಉದ್ದರಿಯನ್ನು ತಿಂಗಳುಗಟ್ಟಲೆ ತೀರಿಸದವನು ಆ ಅಂಗಡಿಯ ಆಳಿನ ಸಂಬಳದ ವಿಷಯವಾಗಿ ಬುದ್ಧಿಹೇಳಲು ಯೋಗ್ಯನಲ್ಲ. ಯೌವನಸ್ಥರಿಗೂ ಪಾಲಿದೆ: ಕೂಲಿಯು ಹಕ್ಕಾದರೆ ನಂಬಿಗಸ್ತಿಕೆಯ ದುಡಿಮೆಯು ಸಾಲ. ಸಭೆಯ ಹಿರಿಯರು ಪಟ್ಟಣಕ್ಕೆ ಹೊರಟವನಿಗೆ ಪ್ರಾರ್ಥನೆಯೊಡನೆ ನೆಚ್ಚತಕ್ಕ ಒಬ್ಬ ಅಂಗಡಿಯವನ ವಿಳಾಸವನ್ನೂ ಕೊಟ್ಟು ಕಳುಹಿಸಲಿ.

ದ್ರಾಕ್ಷೇತೋಟದ ಯಜಮಾನನು ಕಡೆಗೆ ಬಂದವರಿಗೂ ಪೂರ್ಣ ದಿನದ ಕೂಲಿಯನ್ನು, ಅದೇ ಸಾಯಂಕಾಲ ಕೊಡಿಸಿದನು. ಆತನ ಔದಾರ್ಯವು ನಮ್ಮಿಂದಾಗದಿದ್ದರೂ, ಸಾಯಂಕಾಲದ ಲೆಕ್ಕವನ್ನಾದರೂ ಸರಿಯಾಗಿ ತೀರಿಸೋಣ.